ದುರ್ಗದ ಎಂಟು ಕಾದಂಬರಿ, ಕಿತ್ತುಹೋದ ಬೆನ್ನು

ತ.ರಾ.ಸು. ಅವರ ಚಿತ್ರದುರ್ಗದ ಕಾದಂಬರಿಗಳ ರುಚಿ ಹತ್ತಿದವರು ಒಂದೇ ಓದಿಗೆ ನಿಲ್ಲಿಸುವುದು ಕಡಿಮೆ. ಕಂಬನಿಯ ಕುಯಿಲು, ರಕ್ತರಾತ್ರಿ, ತಿರುಗುಬಾಣ ಈ ಮೂರೂ ಒಂದೇ ಎಳೆಯವು. ಆಮೇಲೆ ಹೊಸಹಗಲು, ವಿಜಯೋತ್ಸವ, ರಾಜ್ಯದಾಹ, ಕಸ್ತೂರಿ ಕಂಕಣ. ಕೊನೆಗೆ ದುರ್ಗಾಸ್ತಮಾನ, 1779ರಲ್ಲಿ ಕೋಟೆ ಹೈದರಾಲಿಯ ವಶವಾಗುವ ಕಥೆ. 1985ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಲೇಖಕರೇ ಇರಲಿಲ್ಲ, 1984ರಲ್ಲೇ ತೀರಿಕೊಂಡಿದ್ದರು.

ಇಂಥ ಸರಣಿಯನ್ನು ಮತ್ತೆ ಮತ್ತೆ ಓದುವವರ ತೊಂದರೆ ಒಂದೇ: ಪುಸ್ತಕ ತಡೆಯುವುದಿಲ್ಲ. ಮರುಮುದ್ರಣ ಸಿಗುತ್ತದೆ, ನಿಜ. ಆದರೆ ಹಳೆಯ ಪ್ರತಿಯ ಮುಖಪುಟ, ವಾಚನಾಲಯದ ಮೊಹರು, ಯಾರೋ ಅಂಚಿನಲ್ಲಿ ಪೆನ್ಸಿಲಿನಿಂದ ಎಳೆದ ಗೆರೆ ಅದರಲ್ಲಿ ಬರುವುದಿಲ್ಲ. ಹಳೆಯ ಕನ್ನಡ ಕಾದಂಬರಿಗಳನ್ನು ಮನೆಯಲ್ಲೇ ರಿಪೇರಿ ಮಾಡುವಾಗ ನನ್ನ ಲೆಕ್ಕ ಸರಳ. ತೆರೆದರೆ ಪುಸ್ತಕ ತಾನಾಗಿ ಮಲಗಬೇಕು. ಗಟ್ಟಿಯಾಗಿದ್ದೂ ತೆರೆಯಲು ಬಾರದ ಬೈಂಡಿಂಗ್ ಕಪಾಟಿನ ಅಲಂಕಾರಕ್ಕಷ್ಟೇ.

ಕೈ ಹಾಕುವ ಮುನ್ನ ಪುಸ್ತಕ ಯಾವ ಬಗೆಯದು ಎಂದು ನೋಡಬೇಕು. ಪ್ರತಿ 16 ಪುಟಕ್ಕೊಮ್ಮೆ, ಫಾರಂನ, ಅಂದರೆ ಒಟ್ಟಿಗೆ ಮಡಿಚಿದ ಹಾಳೆಗಳ ಕಂತೆಯ, ನಟ್ಟನಡುವೆ ದಾರ ಕಂಡರೆ ಅದು ಹೊಲಿಗೆಯ ಪುಸ್ತಕ. ದಾರ ಕಾಣದೆ, ಬೆನ್ನಿನಿಂದ ಸುಮಾರು 5 ಮಿ.ಮೀ. ಒಳಗೆ ತುಕ್ಕಿನ ಚುಕ್ಕೆ ಇದ್ದರೆ ಪಕ್ಕದಿಂದ ಪಿನ್ ಹೊಡೆದದ್ದು. ಅಗ್ಗದ ಹಳೆಯ ಕಾದಂಬರಿಗಳಲ್ಲಿ ಇದು ಬಹಳ. ಎರಡೂ ಇಲ್ಲದೆ ಹಾಳೆಗಳು ಬಿಡಿಬಿಡಿಯಾಗಿ ಉದುರುತ್ತಿದ್ದರೆ ಬರೀ ಅಂಟಿನ ಪುಸ್ತಕ. ಆಮೇಲೆ ಕಾಗದದ ಪರೀಕ್ಷೆ. ಅಕ್ಷರವಿಲ್ಲದ ಹಾಳೆಯ ಮೂಲೆಯನ್ನು ಮೆಲ್ಲಗೆ ಹಿಂದಕ್ಕೂ ಮುಂದಕ್ಕೂ ಮಡಿಸಿ. ಎರಡು ಮೂರು ಸಲಕ್ಕೇ ಮುರಿದು ಕೈಗೆ ಬಂದರೆ ಆ ಪ್ರತಿಗೆ ಹೊಲಿಗೆಯೂ ಬೇಡ, ಅಂಟೂ ಬೇಡ, ಒಂದು ಪೆಟ್ಟಿಗೆ ಸಾಕು. ನ್ಯೂಸ್‌ಪ್ರಿಂಟಿನಂಥ ಕಾಗದದಲ್ಲಿ ಮರದ ನಾರನ್ನು ಬೆಸೆಯುವ ಲಿಗ್ನಿನ್ ಎಂಬ ವಸ್ತು ಉಳಿದಿರುತ್ತದೆ. ಅದು ಬೆಳಕಿಗೆ ಹಳದಿಯಾಗಿ, ಆಮ್ಲವಾಗಿ, ನಾರನ್ನೇ ಕಡಿಯುತ್ತದೆ. ಈ ಕಡಿತ ಶುರುವಾದ ಮೇಲೆ ಯಾವ ಬೈಂಡಿಂಗೂ ಅದನ್ನು ಹಿಂದಕ್ಕೆ ತಿರುಗಿಸದು.

ಹಳೆ ಪುಸ್ತಕದಂಗಡಿಯಿಂದ ತಂದದ್ದನ್ನು ನೇರ ಕಪಾಟಿಗೆ ಸೇರಿಸಬಾರದು. ಹುಳದ ಗುಮಾನಿ ಇದ್ದರೆ ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿ, ಮೈನಸ್ 18 ಡಿಗ್ರಿಯಲ್ಲಿ, ಎರಡು ವಾರ ಇಡುತ್ತೇನೆ. ಹೊರತೆಗೆದ ಮೇಲೆ ಒಂದು ಇಡೀ ದಿನ ಚೀಲ ಬಿಚ್ಚಬಾರದು. ತಣ್ಣನೆಯ ಕಾಗದದ ಮೇಲೆ ಹೊರಗಿನ ತೇವ ಹನಿಗಟ್ಟಿದರೆ ಹುಳ ಹೋಗಿ ಬೂಷ್ಟು ಬರುತ್ತದೆ. ಹಸಿ ಬೇವಿನ ಸೊಪ್ಪನ್ನು ಪುಟಗಳ ನಡುವೆ ಇಡುವ ರೂಢಿ ಇದೆ. ಅದರ ತೇವವೂ ಹಸಿರು ಕಲೆಯೂ ಕಾಗದದಲ್ಲೇ ಉಳಿಯುತ್ತವೆ. ಬಿಸಿಲಿಗೆ ಹಾಕುವುದೂ ಬೇಡ, ನೆರಳಿನ ಗಾಳಿ ಸಾಕು. ಬೂಷ್ಟು ಒಣಗಿದ ಮೇಲೆ ಮೆತ್ತನೆಯ ಬ್ರಷ್ಷಿನಿಂದ, ಮೂಗಿಗೆ ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ ಝಾಡಿಸಬೇಕು.

ಹರಿದ ಹಾಳೆಗೆ ಸೆಲ್ಲೋಟೇಪ್ ಹಚ್ಚುವುದು ಎಲ್ಲಕ್ಕಿಂತ ದೊಡ್ಡ ಅನ್ಯಾಯ. ಕೆಲವು ವರ್ಷದಲ್ಲಿ ಪ್ಲಾಸ್ಟಿಕ್ ಉದುರಿ, ಅಂಟು ಮಾತ್ರ ಕಂದು ಪಟ್ಟಿಯಾಗಿ ಅಕ್ಷರದ ಮೇಲೆ ಕೂತಿರುತ್ತದೆ. ಬೇಕಾದದ್ದು ತೆಳ್ಳನೆಯ ಜಪಾನಿ ಟಿಶ್ಯೂ ಕಾಗದ ಮತ್ತು ಗೋಧಿ ಪಿಷ್ಟದ ಸರಿ, ಅಂದರೆ ಪಿಷ್ಟವನ್ನು ನೀರಿನಲ್ಲಿ ಬೇಯಿಸಿದ ಅಂಟು. ಮೈದಾವನ್ನೇ ಕುದಿಸಿದರೆ ಅದರ ಜಿಗುಟು ಉಳಿದು ಸರಿ ಗಡುಸಾಗುತ್ತದೆ, ಹುಳಕ್ಕೂ ಹಬ್ಬ. ಹಾಲುಬಾಯಿಗೆ ಗೋಧಿ ಹಾಲು ತೆಗೆಯುವಂತೆ, ಮೈದಾ ಕಣಕವನ್ನು ನೀರಿನಲ್ಲಿ ಕಿವುಚಿ, ಸೋಸಿ, ತಳದಲ್ಲಿ ಕೂತ ಬಿಳಿ ಪಿಷ್ಟವನ್ನಷ್ಟೇ ಒಣಗಿಸಿಟ್ಟುಕೊಳ್ಳುತ್ತೇನೆ. ಒಂದು ಚಮಚ ಪಿಷ್ಟಕ್ಕೆ ಐದು ಚಮಚ ನೀರು. ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಿ, ಬಿಳುಪು ಹೋಗಿ ಪಾರದರ್ಶಕವಾದ ಮೇಲೂ ಕೆಲವು ನಿಮಿಷ ಬೇಯಿಸಿ, ಆರಿಸಿ, ಸಣ್ಣ ಜರಡಿಯಲ್ಲಿ ಉಜ್ಜಿ ಸೋಸಬೇಕು. ಫ್ರಿಜ್ಜಿನಲ್ಲಿ ಎರಡು ಮೂರು ದಿನ ಬಾಳುತ್ತದೆ. ಹುಳಿ ವಾಸನೆ ಬಂತೋ, ಚೆಲ್ಲಿ. ಸರಿ ಕೆಡದಿರಲಿ ಎಂದು ಮೈಲುತುತ್ತ (ತಾಮ್ರದ ಸಲ್ಫೇಟ್) ಹಾಕುವ ಪದ್ಧತಿ ಬೈಂಡಿಂಗಿನವರಲ್ಲಿತ್ತು. ಅದು ವಿಷ, ಜೊತೆಗೆ ತಾಮ್ರ ಕಾಗದ ಕೆಡುವುದನ್ನು ಚುರುಕುಗೊಳಿಸುತ್ತದೆ. ನಾನು ಹಾಕುವುದಿಲ್ಲ.

ಟಿಶ್ಯೂವನ್ನು ಕತ್ತರಿಸಬಾರದು. ಒದ್ದೆ ಬ್ರಷ್ಷಿನಿಂದ ಗೆರೆ ಎಳೆದು, ಅಲ್ಲಿಂದ ಹರಿಯಬೇಕು. ಅಂಚಿನಲ್ಲಿ ಎದ್ದುನಿಂತ ನಾರುಗಳೇ ಹಾಳೆಯನ್ನು ಹಿಡಿಯುವುದು. ಕತ್ತರಿಸಿದ ನೇರ ಅಂಚಿದ್ದರೆ ಹಾಳೆ ಮುಂದಿನ ಸಲ ಸರಿಯಾಗಿ ಅದೇ ಗೆರೆಯಲ್ಲಿ ಮುರಿಯುತ್ತದೆ. ಸರಿ ತೆಳುವಾಗಿರಲಿ. ಹಚ್ಚಿದ ಮೇಲೆ ಎರಡೂ ಕಡೆ ಬೆಣ್ಣೆ ಕಾಗದ ಇಟ್ಟು ತೂಕ ಹೇರಿ.

ಪಿನ್ನಿನ ಪುಸ್ತಕದಲ್ಲಿ ಎಲ್ಲರೂ ಎಡವುವುದು ಪಿನ್ ತೆಗೆಯುವಲ್ಲಿ. ಎದುರಿನಿಂದ ಎಳೆದರೆ ತುಕ್ಕು ಹಿಡಿದ ಕಾಲುಗಳು ಹಾಳೆಗಳನ್ನೂ ಕಿತ್ತುಕೊಂಡು ಬರುತ್ತವೆ. ಹಿಂಬದಿಯಲ್ಲಿ ಮಡಿಚಿದ ಕಾಲುಗಳನ್ನು ಮೊಂಡು ಚಾಕುವಿನಿಂದ ಎತ್ತಿ, ನೇರ ಮಾಡಿ, ತೀರ ಸವೆದಿದ್ದರೆ ಕತ್ತರಿಸಿ, ಆಮೇಲೆ ಇಕ್ಕುಳದಿಂದ ಎದುರಿಗೆ ತೆಗೆಯಬೇಕು. ಪಿನ್ ಹೋದ ಮೇಲೆ ಒಂದು ಸಂತೋಷದ ಸಂಗತಿ ಕಾಣುತ್ತದೆ: ಎಷ್ಟೋ ಪುಸ್ತಕಗಳಲ್ಲಿ ಫಾರಂಗಳ ಮಡಿಕೆ ಹಾಗೇ ಇರುತ್ತದೆ. ಅಂದರೆ ಅದನ್ನು ಮಡಿಕೆಯ ನಡುವೆಯೇ ಹೊಲಿಯಬಹುದು, ಮೊದಲಿಗಿಂತ ಚೆನ್ನಾಗಿ ತೆರೆಯುವಂತೆ ಮಾಡಬಹುದು. 16 ಪುಟದ ಫಾರಂ ಎಂದರೆ ಮಡಿಚಿದ ನಾಲ್ಕು ಹಾಳೆ. ಸಾಮಾನ್ಯವಾಗಿ ಹರಿದಿರುವುದು ತೀರ ಹೊರಗಿನದು, ಜೊತೆಗೆ ಒಮ್ಮೊಮ್ಮೆ ತೀರ ಒಳಗಿನದು. ಅವಕ್ಕೆ ಮಾತ್ರ 12 ಮಿ.ಮೀ. ಅಗಲದ ಟಿಶ್ಯೂ ಪಟ್ಟಿಯನ್ನು ಮಡಿಕೆಯ ಮೇಲೆ ಅಂಟಿಸಿದರೆ ಸಾಕು.

ಹೊಲಿಗೆಗೆ ಐದು ತೂತು, ಜೇನುಮೇಣ ಹಚ್ಚಿದ ಲಿನನ್ ದಾರ. ದಾರದ ದಪ್ಪದ ಲೆಕ್ಕ ಮರೆಯಬೇಡಿ. 320 ಪುಟವೆಂದರೆ 20 ಫಾರಂ. ಪ್ರತಿ ಫಾರಂನಲ್ಲೂ ಒಂದು ಎಳೆ ಕೂರುವುದರಿಂದ 0.5 ಮಿ.ಮೀ. ದಾರವಾದರೆ ಬೆನ್ನು 10 ಮಿ.ಮೀ. ಉಬ್ಬುತ್ತದೆ, ಪುಸ್ತಕ ಬೆಣೆಯ ಆಕಾರಕ್ಕೆ ಬರುತ್ತದೆ. 0.3ರ ದಾರದಲ್ಲಿ ಉಬ್ಬು 6 ಮಿ.ಮೀ.; ಹಳೆಯ ಮೆತ್ತನೆ ಕಾಗದ ಅದರಲ್ಲೂ ಒಂದಿಷ್ಟನ್ನು ನುಂಗಿಕೊಳ್ಳುತ್ತದೆ.

ಬಿಡಿ ಹಾಳೆಗಳ ಪುಸ್ತಕಕ್ಕೆ ಬೇರೆ ಉಪಾಯ. ಬೆನ್ನಿನ ಹಳೆ ಅಂಟನ್ನು ಕೆರೆದು, ಹಾಳೆಗಳನ್ನು ತಲೆ ಮತ್ತು ಬೆನ್ನಿನ ಕಡೆ ಕುಟ್ಟಿ ಸಮ ಮಾಡಿ, ಎರಡು ಹಲಗೆಗಳ ನಡುವೆ ಮುಂಬದಿಯನ್ನು ಬಿಗಿದು, ಬೆನ್ನಿನ ಕಡೆಯನ್ನು ಬೀಸಣಿಗೆಯಂತೆ ಒಂದು ಪಕ್ಕಕ್ಕೆ ಬಾಗಿಸಬೇಕು. ಪ್ರತಿ ಹಾಳೆಯ ಅಂಚು ಅರ್ಧದಿಂದ ಒಂದು ಮಿ.ಮೀ.ನಷ್ಟು ಕಾಣಬೇಕು. ಆಗ ಬಳುಕುವ ಜಾತಿಯ ಪಿ.ವಿ.ಎ. ಎಂಬ ಬಿಳಿ ಅಂಟನ್ನು ತೆಳುವಾಗಿ ಹಚ್ಚಿ, ಕೂಡಲೇ ಇನ್ನೊಂದು ಪಕ್ಕಕ್ಕೆ ಬಾಗಿಸಿ ಮತ್ತೊಮ್ಮೆ ಹಚ್ಚಿ, ನೇರ ಮಾಡಿ, ಬೆನ್ನಿಗೆ ತೆಳು ಮಲ್ಲುಬಟ್ಟೆ ಅಂಟಿಸಿ, ರಾತ್ರಿಯಿಡೀ ತೂಕದಡಿ ಬಿಡುವುದು. ಮರಗೆಲಸದ ಗಡುಸು ಅಂಟು ಬೇಡ, ಒಣಗಿದ ಮೇಲೆ ಅದು ಬೆನ್ನಿನಲ್ಲಿ ಸೀಳುತ್ತದೆ. ನಡುವಿನ ಹಾಳೆಗಳಷ್ಟೇ ಉದುರಿದರೆ ಬಾಗಿಸಿದ್ದು ಸಾಲಲಿಲ್ಲ ಎಂದರ್ಥ. ಪುಟಗಳು ಒಂದಕ್ಕೊಂದು ಕಚ್ಚಿಕೊಂಡರೆ ಅಂಟು ಹೆಚ್ಚಾಯಿತು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಈ ಕೆಲಸ ಮುಂದಕ್ಕೆ ಹಾಕುವುದೇ ಮೇಲು.

ಹೊಸ ರಟ್ಟು ಕಟ್ಟುವ ಮುನ್ನ ಒಂದು ಮಾತು: ರಟ್ಟಿಗೂ ಕಾಗದಕ್ಕೂ ನಾರಿನ ದಿಕ್ಕು ಇರುತ್ತದೆ. ಎರಡು ದಿಕ್ಕಿಗೂ ಬಾಗಿಸಿ ನೋಡಿ. ಸುಲಭವಾಗಿ ಸುರುಳಿಯಾದಾಗ ಬರುವ ನಳಿಗೆಯ ಉದ್ದವೇ ನಾರಿನ ದಿಕ್ಕು. ಅದು ಬೆನ್ನಿಗೆ ಸಮಾನಾಂತರವಾಗಿರಬೇಕು. ತೇವಕ್ಕೆ ನಾರು ಉದ್ದಕ್ಕಿಂತ ಅಡ್ಡಡ್ಡ ಹೆಚ್ಚು ಹಿಗ್ಗುವುದರಿಂದ, ದಿಕ್ಕು ತಪ್ಪಿದ ರಟ್ಟು ಸೊಟ್ಟಗಾಗುತ್ತದೆ, ರಟ್ಟಿನ ಒಳಬದಿಗೆ ಅಂಟಿಸುವ ಒಳಹಾಳೆ ಸುಕ್ಕುಗಟ್ಟುತ್ತದೆ.

ಬೈಂಡಿಂಗ್ ಅಂಗಡಿಗೇ ಕೊಡುವವರು ಎರಡು ಮಾತು ಬರೆದುಕೊಡಿ: ಕಟಿಂಗ್ ಬೇಡ, ಪಕ್ಕದ ಹೊಲಿಗೆ ಬೇಡ. ಅಂದಕ್ಕೆಂದು ಮೂರು ಬದಿ ಕತ್ತರಿಸಿದರೆ ಪುಟಸಂಖ್ಯೆಯೂ ಅಂಚಿನ ಬರಹವೂ ಹೋಗುತ್ತವೆ. ದಬ್ಬಣದಿಂದ ಪಕ್ಕಕ್ಕೆ ಹೊಲಿದರೆ ಒಳಗಿನ 6ರಿಂದ 8 ಮಿ.ಮೀ. ಹೊಲಿಗೆಗೇ ಹೋಗಿ, ತೆರೆಯಲು ಒತ್ತಿದಾಗ ಹಾಳೆಗಳು ಆ ಗೆರೆಯಲ್ಲೇ ಮುರಿಯುತ್ತವೆ.

ದುರ್ಗಾಸ್ತಮಾನದಂಥ ದಪ್ಪ ಪುಸ್ತಕಕ್ಕೆ ಇನ್ನೊಂದು ಪೀಡೆ. ರಟ್ಟು ಹಾಳೆಗಿಂತ 3 ಮಿ.ಮೀ. ಹೊರಗಿರುವುದರಿಂದ ನಿಂತ ಪುಸ್ತಕದಲ್ಲಿ ಹಾಳೆಗಳ ಗಂಟು ಕೆಳಗೆ ಜೋತು ಬೆನ್ನನ್ನು ಎಳೆಯುತ್ತದೆ. ಹಾಳೆಗಳ ಅಡಿಗೆ ಅಷ್ಟೇ ದಪ್ಪದ ರಟ್ಟಿನ ತುಂಡೊಂದು ಸಿಗುವ ಪೆಟ್ಟಿಗೆ ಮಾಡಿದರೆ ಭಾರ ಅದರ ಮೇಲೆ ಬೀಳುತ್ತದೆ. ಹಳೆಯ ಮುಖಪುಟಕ್ಕೆ ಲ್ಯಾಮಿನೇಷನ್ ಮಾಡಿಸಬೇಡಿ, ಪಾಲಿಯೆಸ್ಟರ್ ಹಾಳೆಯ ಹೊದಿಕೆ ಸಾಕು. ಪಿ.ವಿ.ಸಿ. ಕವರು ಕಾಲಕ್ರಮೇಣ ಬಣ್ಣವನ್ನೇ ಹೀರಿಕೊಂಡು ಅಂಟಿಕೊಳ್ಳುತ್ತದೆ.

ಇನ್ನು ಓದುಗನ ಅನುಕೂಲಕ್ಕೆ ನಾನು ಸೇರಿಸುವುದು ಒಂದು ವಂಶವೃಕ್ಷ. ದುರ್ಗವನ್ನಾಳಿದ ನಾಯಕರ ವಂಶದಲ್ಲಿ ಮದಕರಿ, ಓಬಣ್ಣ, ಕಸ್ತೂರಿ ರಂಗಪ್ಪ ಎಂಬ ಹೆಸರುಗಳು ಮತ್ತೆ ಮತ್ತೆ ಬರುತ್ತವೆ, ಯಾವ ಮದಕರಿ ಎಂದು ಹಿಂದೆ ತಿರುವುವುದೇ ಕೆಲಸವಾಗುತ್ತದೆ. ಸುಮಾರು 12×18 ಸೆಂ.ಮೀ. ಪುಸ್ತಕಕ್ಕೆ 17 ಸೆಂ.ಮೀ. ಎತ್ತರ, 23 ಸೆಂ.ಮೀ. ಅಗಲದ ಹಾಳೆ ತೆಗೆದುಕೊಂಡು, ಬೆನ್ನಿನ ಕಡೆಯ 12 ಸೆಂ.ಮೀ. ಖಾಲಿ ಬಿಟ್ಟು, ಉಳಿದ ಭಾಗದಲ್ಲಿ ಪಟ್ಟಿ ಬರೆದು, ಕೊನೆಯ ಒಳಹಾಳೆಗೆ ಅಂಟಿಸುತ್ತೇನೆ. ಬಿಡಿಸಿಟ್ಟರೆ ಪಟ್ಟಿ ಪೂರ್ತಿ ಪುಸ್ತಕದ ಹೊರಗೆ ನಿಲ್ಲುತ್ತದೆ, ಯಾವ ಪುಟ ಓದುತ್ತಿದ್ದರೂ ಕಣ್ಣಿಗೆ ಸಿಗುತ್ತದೆ. ಹೆಸರುಗಳನ್ನು ಆಯಾ ಸಂಪುಟದಲ್ಲಿ ಬರುವಷ್ಟೇ ಬರೆಯಿರಿ. ಎಂಟೂ ಪುಸ್ತಕದ ವೃಕ್ಷವನ್ನು ಮೊದಲನೆಯದಕ್ಕೇ ಅಂಟಿಸಿದರೆ ಯಾರು ಉಳಿಯುತ್ತಾರೆ, ಯಾರು ಸಾಯುತ್ತಾರೆ ಎಂಬುದು ಮೊದಲೇ ಬಯಲಾಗುತ್ತದೆ. ಹೆಸರು ನೋಡಿದರೆ ಕ್ರಮ ತಿಳಿಯದ ಸರಣಿಯಿದು, ಹಾಗಾಗಿ ಹೊದಿಕೆಯ ಬೆನ್ನಿನಲ್ಲಿ 1ರಿಂದ 8ರವರೆಗೆ ಅಂಕಿ ಹಾಕುತ್ತೇನೆ. ಪುಸ್ತಕದ ಮೈಮೇಲೆ ಅಲ್ಲ.

ಕಪಾಟು ಹೊರಗೋಡೆಗೆ ತಾಗದಂತೆ 5 ಸೆಂ.ಮೀ. ಬಿಡಿ. ಪುಸ್ತಕ ತೆಗೆಯುವಾಗ ಬೆನ್ನಿನ ತಲೆಗೆ ಬೆರಳು ಹಾಕಿ ಎಳೆಯುವ ಅಭ್ಯಾಸವಿದ್ದರೆ ಮೇಲಿನ ಕೆಲಸವೆಲ್ಲ ದಂಡ. ಅಕ್ಕಪಕ್ಕದ ಪುಸ್ತಕಗಳನ್ನು ಒಳಕ್ಕೆ ತಳ್ಳಿ, ನಡುವನ್ನು ಹಿಡಿದು ತೆಗೆಯಿರಿ. ಎಂಟರಲ್ಲಿ ಮೊದಲು ಸವೆಯುವುದು ಕಂಬನಿಯ ಕುಯಿಲು. ಎರವಲು ಹೋಗುವುದು ಅದೇ, ತಿರುಗಿ ಬಾರದಿರುವುದೂ ಅದೇ. ಕೊಡುವುದಕ್ಕೆಂದೇ ಅದರ ಮರುಮುದ್ರಣದ ಪ್ರತಿ ಒಂದನ್ನು ಬೇರೆಯಾಗಿ ಇಟ್ಟುಕೊಳ್ಳಿ.