ಸ್ಪಿತಿಯ ಜಲ್ಲಿ ರಸ್ತೆಗೆ ಬೈಕ್‌ ತಯಾರಿ: ಭದ್ರಾ ಚಾನಲ್ ಏರಿಯಿಂದ ಶುರು ಮಾಡಿ

ದಾವಣಗೆರೆ ಕಡೆಯವರಿಗೆ ನಾಲೆ ಅಂದರೆ ಭದ್ರಾ ಚಾನಲ್. ಅದಕ್ಕೆ ಗೇಟ್ ಇದೆ, ನೋಡಿಕೊಳ್ಳಲು ಸೌಡಿ ಇದ್ದಾನೆ, ನೀರು ಯಾವಾಗ ಬಿಡುತ್ತಾರೆ ಅಂತ ಪೇಪರ್‌ನಲ್ಲೇ ಬರುತ್ತದೆ. ಹಿಮಾಚಲದ ಸ್ಪಿತಿಯಲ್ಲೂ ‘ನಾಲಾ’ ಇವೆ. ಅವು ರಸ್ತೆಯ ಮೇಲೇ ಹರಿಯುತ್ತವೆ. ಗೇಟ್ ಗೀಟ್ ಏನೂ ಇಲ್ಲ. ಬಿಸಿಲು ಏರಿದ ಹಾಗೆ ಮೇಲಿನ ಹಿಮ ಕರಗುತ್ತದೆ, ಬೆಳಿಗ್ಗೆ ಪಾದ ಮುಳುಗುವಷ್ಟಿದ್ದ ನೀರು ಮಧ್ಯಾಹ್ನಕ್ಕೆ ಮೊಣಕಾಲಿಗೆ ಬರುತ್ತದೆ. ಇದನ್ನೆಲ್ಲ ಓದಿ ತಿಳಿದುಕೊಂಡೇ ಹೋಗಿದ್ದೆ. ಆದರೂ ಮಧ್ಯಾಹ್ನ ಮೂರು ಗಂಟೆಗೆ ಒಂದು ನಾಲಾಕ್ಕೆ ಬೈಕ್ ಇಳಿಸಿ, ನಡುನೀರಿನಲ್ಲಿ ಅಡ್ಡ ಬಿದ್ದೆ.

ವಾಪಸ್ ಬಂದ ಮೇಲೆ ಎಲ್ಲರೂ ಕೇಳುವುದು ಒಂದೇ. ‘ಯಾವ ಗಾಡಿ ತಗೊಂಡು ಹೋಗಿದ್ದೆ?’ ಗಾಡಿಯ ಮಾತು ಆಮೇಲೆ. ಆ ರಸ್ತೆಯನ್ನು ಅಲ್ಲಿ ಹೋಗಿ ಕಲಿಯೋಣ ಅಂದುಕೊಂಡರೆ ಕೈಕಾಲಿಗೆ ಪೆಟ್ಟು ಗ್ಯಾರಂಟಿ. ಕಲಿಯುವ ಜಾಗ ನಮ್ಮ ಊರಲ್ಲೇ ಇದೆ.

ಮೂರು ತಿಂಗಳು ಮೊದಲು: ಜಲ್ಲಿ ಹುಡುಕಿ

ಚಾನಲ್ ಏರಿ ಮೇಲಿನ ಗರಸಿನ ದಾರಿಯೇ ಒಳ್ಳೆ ಸ್ಕೂಲು. ಭಾನುವಾರ ಬೆಳಿಗ್ಗೆ ಆರಕ್ಕೆ ಹೋದರೆ ಒಂದೆರಡು ಎಮ್ಮೆ ಬಿಟ್ಟರೆ ಯಾರೂ ಇರುವುದಿಲ್ಲ. ಸುಗ್ಗಿ ಟೈಮಿನಲ್ಲಿ ರೈತರು ಭತ್ತ ಒಣಹಾಕಿದ್ದರೆ ಸುಮ್ನೆ ವಾಪಸ್ ಬನ್ನಿ. ಚಾನಲ್‌ನಲ್ಲಿ ನೀರು ತುಂಬಿ ಹರಿಯುವಾಗಲೂ ಅಲ್ಲಿ ಆಟ ಬೇಡ. ಹೊಸದಾಗಿ ಜಲ್ಲಿ ಹಾಸಿ, ಇನ್ನೂ ಟಾರು ಕಾಣದ ಹಳ್ಳಿ ರಸ್ತೆ ಸಿಕ್ಕರಂತೂ ಹಬ್ಬ.

ಮೊದಲ ದಿನ ನಿಂತು ಓಡಿಸುವುದನ್ನು ಕಲಿಯಿರಿ. ಫುಟ್‌ರೆಸ್ಟ್ ಮೇಲೆ ಎದ್ದು ನಿಂತು, ಮೊಣಕಾಲುಗಳಿಂದ ಟ್ಯಾಂಕನ್ನು ಹಿಡಿದುಕೊಳ್ಳಿ. ಸೆಕೆಂಡ್ ಗೇರು, 20-25 ಸ್ಪೀಡು ಸಾಕು. ಮುಂದಿನ ಚಕ್ರ ಆ ಕಡೆ ಈ ಕಡೆ ಅಲ್ಲಾಡುತ್ತದೆ, ಅಲ್ಲಾಡಲಿ. ಹೊಸಬರು ಹೆದರಿ ಹ್ಯಾಂಡಲ್ ಅನ್ನು ಬಿಗಿಯಾಗಿ ಹಿಡಿದು ಚಕ್ರವನ್ನು ಸರಿಮಾಡಲು ಹೋಗುತ್ತಾರೆ, ಬೀಳುವುದು ಆಗಲೇ. ಕೈ ಸಡಿಲ ಇರಲಿ. ಅಂಗೈಯಲ್ಲಿ ಕೋಳಿಮರಿ ಹಿಡಿದ ಹಾಗೆ.

ಕಣ್ಣು ಮೂವತ್ತು ನಲವತ್ತು ಅಡಿ ಮುಂದೆ ಇರಬೇಕು. ಚಕ್ರದ ಮುಂದಿನ ಕಲ್ಲನ್ನೇ ನೋಡುತ್ತಾ ಹೋದರೆ ಆ ಕಲ್ಲಿನ ಮೇಲೇ ಹತ್ತಿಸುತ್ತೀರಿ. ಬ್ರೇಕ್ ಹಿಂದಿನದು ಜಾಸ್ತಿ, ಮುಂದಿನದು ಎರಡೇ ಬೆರಳಲ್ಲಿ ಮೆಲ್ಲಗೆ. ತಿರುವಿನಲ್ಲಿ ಮುಂದಿನ ಬ್ರೇಕ್ ಮುಟ್ಟಲೇಬೇಡಿ. ಹಿಂದಿನ ಎಬಿಎಸ್ ಆಫ್ ಮಾಡುವ ಸ್ವಿಚ್ ನಿಮ್ಮ ಗಾಡಿಯಲ್ಲಿ ಇದ್ದರೆ ಅದನ್ನೂ ಇಲ್ಲೇ ಆಫ್ ಮಾಡಿ ನೋಡಿ, ಯಾಕೆಂದರೆ ಜಲ್ಲಿಯ ಇಳಿಜಾರಿನಲ್ಲಿ ಎಬಿಎಸ್ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯುವಾಗ ಗಾಡಿ ನಿಲ್ಲುವುದೇ ಇಲ್ಲವೇನೋ ಅನ್ನಿಸುತ್ತದೆ, ಆ ಗಾಬರಿ ಮೊದಲ ಸಲ ಚಾನಲ್ ಏರಿಯಲ್ಲೇ ಆಗಿಹೋಗಲಿ.

ಜೋರು ಗಾಳಿಯಲ್ಲಿ ಓಡಿಸುವುದನ್ನು ಕಲಿಯಲು ಚಿತ್ರದುರ್ಗಕ್ಕೆ ಹೋಗಿ. ಅಲ್ಲಿನ ಗುಡ್ಡಗಳ ಮೇಲೆ ಸುಮ್ನೆ ಗಾಳಿಯಂತ್ರ ನಿಲ್ಲಿಸಿಲ್ಲ. ಆಷಾಢದಲ್ಲಿ ಜೋಗಿಮಟ್ಟಿ ಕಡೆ ಬೀಸುವ ಗಾಳಿ ಲೋಡ್ ಮಾಡಿದ ಬೈಕನ್ನು ಪಕ್ಕಕ್ಕೆ ತಳ್ಳುತ್ತದೆ. ಸ್ಪಿತಿ ಕೂಡ ದುರ್ಗದ ಹಾಗೇ ಮಳೆನೆರಳಿನ ನಾಡು, ಮಧ್ಯಾಹ್ನದ ಮೇಲೆ ಕಣಿವೆಯಲ್ಲಿ ಗಾಳಿ ಎದ್ದರೆ ಧೂಳು ಕಣ್ಣು ಬಿಡಲು ಬಿಡುವುದಿಲ್ಲ.

ಪಂಕ್ಚರ್ ಕಲಿಯದೆ ಹೊರಡಬೇಡಿ

ನಮ್ಮ ಏರಿಯಾದ ಪಂಕ್ಚರ್ ಅಂಗಡಿ ಚಾಚಾ ಹತ್ತಿರ ಎರಡು ಭಾನುವಾರ ಕೂತೆ. ಮೊದಲ ದಿನ ಟೈರ್ ಬಿಚ್ಚುವ ಲಿವರ್ ಹಾಕಿ ಬಲವಾಗಿ ಎಳೆಯುತ್ತಿದ್ದೆ. ಚಾಚಾ ನಕ್ಕರು. ‘ಏ ತಮ್ಮಾ, ಜೋರು ಮಾಡಬ್ಯಾಡ. ಆ ಕಡೆ ಕಾಲಾಗ ತುಳಿ, ಈ ಕಡೆ ತಾನಾಗೇ ಬರ್ತತಿ’ ಅಂದರು. ಗುಟ್ಟೆಲ್ಲ ಅಷ್ಟೇ. ರಿಮ್ಮಿನ ನಡುವೆ ಒಂದು ತಗ್ಗು ಇರುತ್ತದೆ. ಲಿವರ್ ಹಾಕಿದ ಜಾಗದ ಎದುರು ಬದಿಯಲ್ಲಿ ಟೈರಿನ ಅಂಚನ್ನು ಆ ತಗ್ಗಿಗೆ ತುಳಿದರೆ ಈ ಕಡೆ ಅರ್ಧ ಇಂಚು ಸಡಿಲ ಸಿಗುತ್ತದೆ.

ಕ್ರಮ ಹೀಗೆ. ವಾಲ್ವ್ ಪಿನ್ ತೆಗೆದು ಗಾಳಿ ಪೂರ್ತಿ ಬಿಡಿ. ವಾಲ್ವ್ ಹತ್ತಿರದಿಂದ ಶುರು ಮಾಡಿ ಒಂದು ಬದಿ ಮಾತ್ರ ಹೊರಗೆ ತೆಗೆಯಿರಿ. ಟ್ಯೂಬ್ ಎಳೆದ ಮೇಲೆ ಟೈರಿನ ಒಳಗೆ ಸುತ್ತ ಬಟ್ಟೆ ಆಡಿಸಿ, ಮೊಳೆ ಇನ್ನೂ ಅಲ್ಲೇ ಇದ್ದರೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಬೆರಳು ಆಡಿಸಿದರೆ ಬೆರಳು ಕುಯ್ಯುತ್ತದೆ, ನನಗೆ ಆಗಿದೆ. ರಸ್ತೆಯಲ್ಲಿ ಪ್ಯಾಚ್ ಹಾಕುತ್ತಾ ಕೂರಬೇಡಿ, ಹೊಸ ಟ್ಯೂಬ್ ಹಾಕಿ ಹೊರಡಿ, ಪ್ಯಾಚ್ ಕೆಲಸ ರಾತ್ರಿ ರೂಮಿನಲ್ಲಿ. ಟ್ಯೂಬ್ ಒಳಗೆ ಹಾಕುವ ಮುಂಚೆ ಸ್ವಲ್ಪ ಗಾಳಿ ತುಂಬಿ, ಇಲ್ಲದಿದ್ದರೆ ಮಡಿಚಿಕೊಂಡು ಲಿವರ್‌ಗೆ ಸಿಗುತ್ತದೆ. ಟೈರ್ ಮುಚ್ಚುವಾಗ ಕೊನೆಗೆ ವಾಲ್ವ್ ಹತ್ತಿರ ಬನ್ನಿ. ಮುಂದಿನದು, ಹಿಂದಿನದು ಎರಡೂ ಅಳತೆಯ ಟ್ಯೂಬ್ ಇಟ್ಟುಕೊಳ್ಳಿ. ಟ್ಯೂಬ್‌ಲೆಸ್ ಆದರೆ ಸ್ಟ್ರಿಪ್ ಕಿಟ್, ಎರಡಕ್ಕೂ ಒಂದು ಪಂಪ್.

ಜಲ್ಲಿಯಲ್ಲಿ ಗಾಳಿ ಸ್ವಲ್ಪ ಇಳಿಸಬೇಕು, ಟೈರ್ ನೆಲ ಹಿಡಿಯುತ್ತದೆ. 32 ಪಿಎಸ್‌ಐ ಇದ್ದದ್ದನ್ನು 25ರ ಆಸುಪಾಸಿಗೆ ತನ್ನಿ. ಇನ್ನೂ ಇಳಿಸಿದರೆ ಕಲ್ಲಿಗೆ ಬಡಿದಾಗ ಟ್ಯೂಬ್ ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಅಕ್ಕಪಕ್ಕ ಎರಡು ತೂತು ಬೀಳುತ್ತವೆ. ಹಾವು ಕಚ್ಚಿದ ಗುರುತಿನ ಹಾಗೆ.

ಇನ್ನೊಂದು, ಸ್ಪೋಕ್. ದಿನಾ ಬೆಳಿಗ್ಗೆ ಸಣ್ಣ ಸ್ಪ್ಯಾನರ್‌ನಿಂದ ಒಂದೊಂದನ್ನೇ ತಟ್ಟಿ. ‘ಟಿಣ್’ ಅಂದರೆ ಸರಿ. ‘ಡಬ್’ ಅಂದರೆ ಸಡಿಲ ಆಗಿದೆ ಅಂತ ಅರ್ಥ. ಎರಡು ನಿಮಿಷದ ಕೆಲಸ. ಚೈನ್ ಲೂಬ್, ಒಂದು ಕ್ಲಚ್ ಕೇಬಲ್, ಬ್ರೇಕ್ ಲಿವರ್, ಕ್ಲಚ್ ಲಿವರ್, ಫ್ಯೂಸ್, ಎಂ-ಸೀಲ್, ತಂತಿ, ಟೇಪು ಇದ್ದರೆ ಮುಕ್ಕಾಲು ಪಾಲು ರಿಪೇರಿ ಮುಗಿಯುತ್ತದೆ. ನೀವು ಬಿದ್ದರೆ ಮೊದಲು ಮುರಿಯುವುದು ಲಿವರ್.

ಗಾಡಿ ಮತ್ತು ಲಗೇಜ್

ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಚೆನ್ನಾಗಿದೆ, ಹೀರೋ ಎಕ್ಸ್‌ಪಲ್ಸ್ ಹಗುರ. ಬುಲೆಟ್‌ನಲ್ಲಿ ಹೋಗುವವರು ಇದ್ದೇ ಇದ್ದಾರೆ. ನನ್ನ ಅಳತೆ ಒಂದೇ: ಬಿದ್ದ ಗಾಡಿಯನ್ನು ಲಗೇಜ್ ಸಮೇತ ಒಬ್ಬರೇ ಎತ್ತಲು ಆಗಬೇಕು. ಮನೆ ಮುಂದೆ ಒಂದು ಸಲ ಮಲಗಿಸಿ ಎತ್ತಿ ನೋಡಿ. ಆಗಲಿಲ್ಲವಾ, ಅರ್ಧ ಲಗೇಜ್ ಇಳಿಸಿ.

ಭಾರ ಎಲ್ಲ ಕೆಳಗೆ, ಎರಡೂ ಬದಿಗೆ ಸಮ ಇರಲಿ. ಬಂಗೀ ಹಗ್ಗ ನಂಬಬೇಡಿ, ಬಕಲ್ ಇರುವ ಪಟ್ಟಿ ಒಳ್ಳೆಯದು. ತಿನ್ನಲು ಮಂಡಕ್ಕಿ ಒಯ್ಯುವ ಆಸೆ ಎಲ್ಲ ದಾವಣಗೆರೆಯವರಿಗೂ ಇರುತ್ತದೆ, ತೂಕ ಇಲ್ಲ ನಿಜ, ಆದರೆ ಬ್ಯಾಗ್ ಪೂರ್ತಿ ಅದೇ ಆಗುತ್ತದೆ. ಶೇಂಗಾ ಚಿಕ್ಕಿ, ಚಟ್ನಿಪುಡಿ ಸಾಕು. ಮೇಲೆ ಗಾಳಿಯ ಒತ್ತಡ ಕಡಿಮೆ ಇರುವುದರಿಂದ ಸೀಲ್ ಮಾಡಿದ ಪ್ಯಾಕೆಟ್‌ಗಳು ಬಲೂನಿನ ಹಾಗೆ ಉಬ್ಬುತ್ತವೆ. ಸ್ಪಿತಿ ದಾರಿಯಲ್ಲಿ ಸಿಗುವ ನಾಕೋ ಊರಿನಲ್ಲಿ ನನ್ನ ಚಿಕ್ಕಿ ಪ್ಯಾಕೆಟ್ ಉಬ್ಬಿದ್ದನ್ನು ನೋಡಿ ಕೆಟ್ಟಿದೆ ಅಂತ ಬಿಸಾಡಲು ಹೊರಟಿದ್ದೆ.

ಗಾಡಿ ಕಳಿಸುವುದು

ಇಲ್ಲಿಂದಲೇ ಓಡಿಸಿಕೊಂಡು ಹೋಗಬಹುದು. ದುರ್ಗದಿಂದ ಹೊಸಪೇಟೆ, ವಿಜಯಪುರ, ಸೊಲ್ಲಾಪುರ ದಾಟಿ ಮೇಲೆ. ದೆಹಲಿಗೇ 2,000 ಕಿ.ಮೀ. ಆಸುಪಾಸು. ರಜೆ ಇದ್ದರೆ ಸರಿ, ಇಲ್ಲದಿದ್ದರೆ ರೈಲಿನ ಪಾರ್ಸೆಲ್. ಎರಡು ನಿಮಿಷ ನಿಲ್ಲುವ ಸ್ಟೇಷನ್ನಿನಲ್ಲಿ ಗಾಡಿ ಏರಿಸುವುದು ಕಷ್ಟ, ದೊಡ್ಡ ಸ್ಟೇಷನ್ನಿನಿಂದ ಹಾಕಿ. ಟ್ಯಾಂಕ್ ಪೂರ್ತಿ ಖಾಲಿ ಇರಬೇಕು. ಆರ್‌ಸಿ, ಇನ್ಶೂರೆನ್ಸ್, ಗುರುತಿನ ಚೀಟಿಯ ಜೆರಾಕ್ಸ್ ಬೇಕು. ಕನ್ನಡಿ, ಇಂಡಿಕೇಟರ್ ಬಿಚ್ಚಿ ಬ್ಯಾಗಿಗೆ ಹಾಕಿಕೊಳ್ಳಿ. ಗೋಣಿಚೀಲ ಸುತ್ತಿಸಿ, ಎರಡೂ ಬದಿಗೆ ಹೆಸರು, ಇಳಿಸುವ ಸ್ಟೇಷನ್ ದೊಡ್ಡದಾಗಿ ಬರೆಸಿ. ತಲುಪಿದ ಮೇಲೆ ತಡ ಮಾಡಿ ಬಿಡಿಸಿಕೊಂಡರೆ ಬಾಡಿಗೆ ಬೀಳುತ್ತದೆ.

ಯಾವ ಕಡೆಯಿಂದ ಹತ್ತಬೇಕು

ಸ್ಪಿತಿಯ ಮುಖ್ಯ ಊರು ಕಾಜಾ. ಅದು ಮನಾಲಿಯಿಂದ ಹತ್ತಿರ, ಸುಮಾರು 200 ಕಿ.ಮೀ. ಅಟಲ್ ಸುರಂಗ 2020ರಲ್ಲಿ ಶುರುವಾದ ಮೇಲೆ ಇನ್ನೂ ಸಲೀಸು. ಆದರೂ ಮೊದಲ ಸಲ ಶಿಮ್ಲಾ ಕಡೆಯಿಂದಲೇ ಹೋಗಿ. ಮನಾಲಿ ಇರುವುದು 2,050 ಮೀಟರ್‌ನಲ್ಲಿ. ಅಲ್ಲಿಂದ ಹೊರಟವರು ಅದೇ ದಿನ 4,500 ಮೀಟರ್ ದಾಟುವ ಕುಂಜುಮ್ ಪಾಸ್ ಹತ್ತುತ್ತಾರೆ. ನಮ್ಮ ರಾಜ್ಯದಲ್ಲೇ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್ ಅಷ್ಟೇ, ಲೆಕ್ಕ ಹಾಕಿ. ಶಿಮ್ಲಾ ಕಡೆಯಿಂದ ಹೋದರೆ ನಾರ್ಕಂಡಾ, ಕಲ್ಪಾ, ನಾಕೋ ಅಂತ ಒಂದೊಂದು ರಾತ್ರಿ ತಂಗುತ್ತಾ ಮೆಲ್ಲಗೆ ಏರುತ್ತೀರಿ, ಮೇಲಿನ ತೆಳು ಗಾಳಿಗೆ ದೇಹ ಹೊಂದಿಕೊಳ್ಳಲು ಟೈಮ್ ಸಿಗುತ್ತದೆ.

ಕಾಜಾದಲ್ಲಿ ಎರಡು ರಾತ್ರಿ ಇರಿ. ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಶುರುವಾದರೆ ಇನ್ನೂ ಮೇಲೆ ಹೋಗುವ ಮಾತೇ ಇಲ್ಲ. ಕಡಿಮೆ ಆಗದಿದ್ದರೆ ಇಳಿಯಬೇಕು. ನಡೆಯುವಾಗ ತೂರಾಡಿದರೆ, ಸುಮ್ಮನೆ ಕೂತಾಗಲೂ ಏದುಸಿರು ಬಂದರೆ ರಾತ್ರಿ ಆದರೂ ಸರಿ ಇಳಿಸಬೇಕು. ಎತ್ತರದ ಕಾಯಿಲೆಗೆ ಕೊಡುವ ಡೈಮಾಕ್ಸ್ ಮಾತ್ರೆಯ ಬಗ್ಗೆ ಹೊರಡುವ ಮೊದಲೇ ಡಾಕ್ಟರ್ ಹತ್ತಿರ ಮಾತಾಡಿ, ಸಲ್ಫಾ ಅಲರ್ಜಿ ಇದ್ದರೆ ಅದನ್ನೂ ಹೇಳಿ. ಎಣ್ಣೆ ಪಾರ್ಟಿ ಇದ್ದರೆ ಊರಿಗೆ ಬಂದು ಮಾಡಿ.

ಪೆಟ್ರೋಲ್ ಸಿಕ್ಕ ಕಡೆ ಟ್ಯಾಂಕ್ ತುಂಬಿಸುವುದು. ರೆಕಾಂಗ್ ಪಿಯೋ ಕಡೆ ತುಂಬಿಸಿದರೆ ಮತ್ತೆ ಸಿಗುವುದು ಕಾಜಾದಲ್ಲಿ, ಹತ್ತಿರ ಹತ್ತಿರ 200 ಕಿ.ಮೀ. ಕಾಜಾ ಬಿಟ್ಟರೆ ಮನಾಲಿವರೆಗೆ ದಾರಿಯಲ್ಲಿ ಬಂಕ್ ಇಲ್ಲ. ಗಾಡಿ ಫಸ್ಟ್, ಸೆಕೆಂಡ್ ಗೇರಿನಲ್ಲೇ ಹೋಗುವುದರಿಂದ ಮೈಲೇಜ್ ಊರಿನ ಲೆಕ್ಕಕ್ಕೆ ಬರುವುದಿಲ್ಲ. ಕಾರ್ಬೊರೇಟರ್ ಗಾಡಿ ಆದರೆ ಗಾಳಿ ತೆಳು, ಪೆಟ್ರೋಲ್ ಜಾಸ್ತಿ ಆಗಿ ಕಪ್ಪು ಹೊಗೆ ಬಿಟ್ಟು ಏದುಸಿರು ಬಿಡುತ್ತದೆ, ಮೆಕ್ಯಾನಿಕ್ ಹತ್ತಿರ ಟ್ಯೂನಿಂಗ್ ಕಲಿತಿರಿ. ದುಡ್ಡು ಕ್ಯಾಶ್ ಇರಲಿ. ಕಾಗದಪತ್ರ ಮೊಬೈಲ್‌ನಲ್ಲಿ ಇದೆ ಅಂತ ಬಿಡಬೇಡಿ, ನೆಟ್‌ವರ್ಕ್ ಇರುವುದಿಲ್ಲ.

ಹೋಗುವ ಕಾಲ ಸೆಪ್ಟೆಂಬರ್. ಜುಲೈ, ಆಗಸ್ಟ್‌ನಲ್ಲಿ ಸ್ಪಿತಿ ಒಣಗಿಯೇ ಇದ್ದರೂ ಅಲ್ಲಿಗೆ ಹೋಗುವ ಕಿನ್ನೌರ್, ಮನಾಲಿ ದಾರಿಗಳಲ್ಲಿ ಗುಡ್ಡ ಜರಿಯುತ್ತದೆ. ಚಳಿಗಾಲದಲ್ಲಿ ಕುಂಜುಮ್ ಹಿಮ ಬಿದ್ದು ಮುಚ್ಚುತ್ತದೆ.

ಕುಂಜುಮ್ ಇಳಿದ ಮೇಲೆ

ವಾಪಸ್ ಬರುವಾಗ ಕಾಜಾದಿಂದ ಕುಂಜುಮ್ ದಾಟಿ ಮನಾಲಿ ಕಡೆ ಇಳಿದೆವು. ಆ ದಾರಿಯಲ್ಲಿ ಬಾತಲ್‌ನಿಂದ ಗ್ರಾಂಫೂವರೆಗೆ ಸುಮಾರು 50 ಕಿ.ಮೀ. ದಾವಣಗೆರೆಯಿಂದ ಬೆಂಗಳೂರಿನ 260 ಕಿ.ಮೀ. ಅನ್ನು ಟೀ ಕುಡಿದು ಐದು ಗಂಟೆಯಲ್ಲಿ ಮುಗಿಸುವ ನಮಗೆ ಈ 50ಕ್ಕೆ ಐದೂವರೆ ಗಂಟೆ ಹಿಡಿಯಿತು. ಇಲ್ಲಿ ಟಾರು ನಿಲ್ಲುವುದು ಕಷ್ಟ. ಬಿರುಕಿನೊಳಗೆ ನೀರು ಇಳಿದು ರಾತ್ರಿ ಹೆಪ್ಪುಗಟ್ಟಿ ಹಿಗ್ಗುತ್ತದೆ, ರಸ್ತೆ ಒಡೆಯುತ್ತದೆ. ಉಳಿದದ್ದನ್ನು ನಾಲಾಗಳು ಕೊಚ್ಚಿಕೊಂಡು ಹೋಗುತ್ತವೆ. ಲಾರಿ ಚಕ್ರ ಓಡಿದ ಜಾಡಿನಲ್ಲೇ ಹೋಗಿ, ನಡುವೆ ಗುಡ್ಡೆಯಾದ ಸಡಿಲ ಜಲ್ಲಿಗೆ ಹೋಗಬೇಡಿ. ಎದುರಿಗೆ ಲಾರಿ ಬಂದರೆ ಗುಡ್ಡದ ಬದಿಗೆ ನಿಲ್ಲಿಸಿ, ಧೂಳು ಇಳಿದ ಮೇಲೆ ಹೊರಡಿ.

ನಾಲಾ ದಾಟಬೇಕಾದರೆ ಕಾಜಾ ಅಥವಾ ಕುಂಜುಮ್‌ಗಿಂತ ಮೊದಲು ಸಿಗುವ ಲೋಸರ್ ಹಳ್ಳಿಯನ್ನು ಬೆಳಿಗ್ಗೆ ಬೇಗ ಬಿಡಿ. ನಾವು ಚಂದ್ರತಾಲ್ ಕೆರೆಯ ಫೋಟೋ ತೆಗೆಯುತ್ತಾ ಕೂತು ಕೆಟ್ಟೆವು. ನೀರಿನ ಹತ್ತಿರ ಬಂದ ಕೂಡಲೇ ನುಗ್ಗಬೇಡಿ. ಇಳಿದು ನೋಡಿ, ಬೇರೆ ಗಾಡಿ ದಾಟುವುದನ್ನು ಕಾಯಿರಿ, ಆಳ ಗೊತ್ತಿಲ್ಲದಿದ್ದರೆ ನಡೆದು ನೋಡಿ. ನಡೆದು ದಾಟಲು ಹೆದರಿಕೆ ಆದ ನೀರಿಗೆ ಗಾಡಿಯನ್ನೂ ಇಳಿಸಬಾರದು. ನೀರು ಅಗಲವಾಗಿ ಹರಡಿದ ಕಡೆ ಆಳ ಕಮ್ಮಿ. ಫಸ್ಟ್ ಗೇರು, ಆಕ್ಸಿಲರೇಟರ್ ಒಂದೇ ಸಮ, ಬೇಕಾದರೆ ಅರ್ಧ ಕ್ಲಚ್, ಕಣ್ಣು ಆಚೆ ದಡದ ಮೇಲೆ. ನಾನು ನೀರನ್ನು ನೋಡಿದೆ. ನೀರು ಬಲಕ್ಕೆ ಹರಿಯುತ್ತಿತ್ತು, ಗಾಡಿಯೂ ಬಲಕ್ಕೆ ಹೋಯಿತು, ಮಡಿಕೆಯಷ್ಟು ದೊಡ್ಡ ಉರುಟು ಕಲ್ಲಿಗೆ ಮುಂದಿನ ಚಕ್ರ ಹತ್ತಿ ಜಾರಿತು.

ಬಿದ್ದರೆ ಮೊದಲು ಕಿಲ್ ಸ್ವಿಚ್. ಏರ್ ಫಿಲ್ಟರ್‌ಗೆ ನೀರು ಹೋಗಿದೆ ಅಂತ ಅನುಮಾನ ಇದ್ದರೆ ಸೆಲ್ಫ್ ಒತ್ತಲೇಬೇಡಿ. ದಡಕ್ಕೆ ತಳ್ಳಿ, ಫಿಲ್ಟರ್ ಬಿಚ್ಚಿ ನೋಡಿ, ಪ್ಲಗ್ ತೆಗೆದು ಇಂಜಿನ್ ತಿರುಗಿಸಿ ನೀರು ಹೊರಹಾಕಿ, ಆಮೇಲೆ ಸ್ಟಾರ್ಟ್. ನನ್ನ ಫಿಲ್ಟರ್ ಒಣಗೇ ಇತ್ತು, ಬೂಟು ಮಾತ್ರ ಕೆರೆ. ಆ ನೀರಿನ ಚಳಿಗೆ ಹತ್ತು ನಿಮಿಷ ಕಾಲ್ಬೆರಳು ಇದೆಯೋ ಇಲ್ಲವೋ ಗೊತ್ತಾಗಲಿಲ್ಲ. ಎರಡು ಜೊತೆ ಸಾಕ್ಸನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿ ಬ್ಯಾಗಿನ ಮೇಲ್ಗಡೆಯೇ ಇಡಿ. ದಾಟಿದ ಮೇಲೆ ಬ್ರೇಕನ್ನು ನಾಲ್ಕೈದು ಸಲ ಮೆಲ್ಲಗೆ ಹಿಡಿದು ಒಣಗಿಸಿಕೊಳ್ಳಿ.

ಊರಿಗೆ ಬಂದ ಮೇಲೆ

ಸರ್ವಿಸ್‌ಗೆ ಬಿಡುವ ಮುಂಚೆ ಏರ್ ಫಿಲ್ಟರ್ ನೀವೇ ಬಿಚ್ಚಿ. ನಮ್ಮ ಧೂಳು ಕೆಂಪು, ಅಲ್ಲಿನದು ಬೂದಿ ಬಣ್ಣ, ಹಿಟ್ಟಿನಷ್ಟು ನಯ. ನೆಲಕ್ಕೆ ತಟ್ಟಿದರೆ ಒಂದು ಮುಷ್ಟಿ ಬಿತ್ತು. ಫಿಲ್ಟರ್ ಬದಲಾಯಿಸಿ, ಆಯಿಲ್ ಬದಲಾಯಿಸಿ, ಚೈನ್ ಸ್ಪ್ರಾಕೆಟ್ ನೋಡಿ, ಹ್ಯಾಂಡಲ್ ಬೇರಿಂಗ್ ಚೆಕ್ ಮಾಡಿಸಿ. ನಾನು ನಾಕೋದಲ್ಲಿ ರಾತ್ರಿ ಪ್ಯಾಚ್ ಹಾಕಿದ್ದ ಟ್ಯೂಬನ್ನು ಚಾಚಾಗೆ ತೋರಿಸಿದೆ. ನೀರಿನ ತೊಟ್ಟಿಗೆ ಅದ್ದಿ ನೋಡಿದರು. ಗುಳ್ಳೆ ಬರಲಿಲ್ಲ. ‘ಸೊಟ್ಟ ಹಾಕೀಯಲ್ಲೋ’ ಅಂತ ವಾಪಸ್ ಕೊಟ್ಟರು.