ನೇತ್ರಾಣಿಯ ನೀರಿನಲ್ಲಿ ಕೆಂಪು ಹುಡುಕಿದ ಕಥೆ

ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ, ಮೊದಲ ಸಲ ಕ್ಯಾಮೆರಾ ಹಿಡಿದು ಮುಳುಗಿದ ದಿನ 140 ಚಿತ್ರ ತೆಗೆದಿದ್ದೆ. ಸಂಜೆ ಕೋಣೆಗೆ ಬಂದು ನೋಡಿದರೆ ಎಲ್ಲವೂ ಪಾಚಿ ಬಣ್ಣ. ಲಯನ್‌ಫಿಶ್‌ನ ಕೆಂಗಂದು ಪಟ್ಟೆಗಳೂ ಬೂದಿ ಬಳಿದಂತಿದ್ದವು. ಎಲ್ಲವನ್ನೂ ಆಟೋಗೆ ಬಿಟ್ಟಿದ್ದೆ. ಬೆಳಕು ಸಾಲದೆ ಕ್ಯಾಮೆರಾ ಐಎಸ್‌ಒ, ಅಂದರೆ ಬೆಳಕಿಗೆ ಸ್ಪಂದಿಸುವ ಮಟ್ಟವನ್ನು, 1600ಕ್ಕೆ ಏರಿಸಿತ್ತು, ಶಟರ್ ವೇಗವನ್ನು 1/30 ಸೆಕೆಂಡಿಗೆ ಇಳಿಸಿತ್ತು. ಅಲೆ ತೂಗುವ ಕಡೆ 1/30 ಇಟ್ಟರೆ ಮೀನೂ ಅಲುಗುತ್ತದೆ, ಹಿಡಿದ ಕೈಯೂ ಅಲುಗುತ್ತದೆ.

ನೀರು ಮೊದಲು ನುಂಗುವುದು ಕೆಂಪನ್ನು. ಐದಾರು ಮೀಟರ್ ಇಳಿಯುವಷ್ಟರಲ್ಲಿ ಅದು ಬಹುಪಾಲು ಹೋಗಿರುತ್ತದೆ, ಅದರ ಬೆನ್ನಿಗೇ ಕಿತ್ತಳೆ. ಕ್ಯಾಮೆರಾ ಬಣ್ಣ ತಿದ್ದದೆ ಉಳಿಸುವ ರಾ ಫೈಲ್‌ನಲ್ಲಿ ತೆಗೆದು ಆಮೇಲೆ ಸರಿಪಡಿಸಬಹುದು ಎನ್ನುವವರಿದ್ದಾರೆ. ನಾನೂ ರಾ ಬಿಟ್ಟು ತೆಗೆಯುವುದಿಲ್ಲ. ಆದರೆ ಸೆನ್ಸರ್‌ಗೆ ತಲುಪದ ಕೆಂಪನ್ನು ಕಂಪ್ಯೂಟರ್‌ನಲ್ಲಿ ಎಳೆದು ತರಲು ಹೋದರೆ ಬರುವುದು ಬರೀ ಚುಕ್ಕೆಗಳು.

ಹಾಗಾಗಿ ಸ್ಟ್ರೋಬ್, ಅಂದರೆ ನೀರೊಳಗಿನ ಫ್ಲ್ಯಾಶ್, ಕೊಂಡೆ. ಈಗ ನೀರಿಗಿಳಿಯುವ ಮೊದಲೇ ಮ್ಯಾನುವಲ್‌ನಲ್ಲಿ ಅಪರ್ಚರ್ (ಲೆನ್ಸ್‌ನೊಳಗೆ ಬೆಳಕು ಬರುವ ಕಿಂಡಿ) ಎಫ್ 8, ಶಟರ್ 1/125, ಐಎಸ್‌ಒ 200 ಇಟ್ಟುಕೊಳ್ಳುತ್ತೇನೆ. ಇಲ್ಲಿ ಬೆಳಕು ಎರಡು ಎಂಬುದು ಅರ್ಥವಾದ ದಿನ ನನ್ನ ಗೊಂದಲ ಅರ್ಧ ಕಳೆಯಿತು. ಹಿನ್ನೆಲೆಯ ನೀಲಿ ಸೂರ್ಯನದು. ಅದನ್ನು ಶಟರ್‌ನಿಂದ ಹತೋಟಿಯಲ್ಲಿಡಬೇಕು. ಎದುರಿನ ಮೀನಿನ ಮೇಲಿನ ಬೆಳಕು ಸ್ಟ್ರೋಬ್‌ನದು. ಅದು ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಮುಗಿದುಹೋಗುವುದರಿಂದ ಶಟರ್‌ನ ಮಾತು ಕೇಳುವುದಿಲ್ಲ. ಅದಕ್ಕೆ ಅಪರ್ಚರ್ ಮತ್ತು ಸ್ಟ್ರೋಬ್‌ನ ಶಕ್ತಿಯನ್ನೇ ಬದಲಿಸಬೇಕು. ಹಿನ್ನೆಲೆ ಕಪ್ಪಾದರೆ 1/60ಕ್ಕೆ ಇಳಿಯುತ್ತೇನೆ, ಉಳಿದುದನ್ನು ಮುಟ್ಟುವುದಿಲ್ಲ. ಮೇಲ್ಮೈಯ ಸೂರ್ಯ ಚೌಕಟ್ಟಿನೊಳಗೆ ಬಂದರೆ 1/200ಕ್ಕೆ ಏರುತ್ತೇನೆ.

ಕಳೆದ ಡಿಸೆಂಬರ್‌ನಲ್ಲಿ, ಹನ್ನೆರಡು ಮೀಟರ್ ಆಳದ ಬಂಡೆಯ ಬಿರುಕಿನಲ್ಲಿ ಹಾವಿನಂಥ ಮೀನಾದ ಒಂದು ಮೊರೆ ಈಲ್ ತಲೆ ಹೊರಹಾಕಿ ಬಾಯಿ ತೆರೆದು ಮುಚ್ಚುತ್ತಿತ್ತು. ಹೆದರಿಸುವುದಲ್ಲ, ಅದು ಉಸಿರಾಡುವುದೇ ಹಾಗೆ. ಮೊದಲ ಚಿತ್ರದಲ್ಲಿ ಅದರ ಮುಖದ ಮುಂದೆಲ್ಲ ಹಿಟ್ಟು ಚೆಲ್ಲಿದಂತೆ ಬಿಳಿ ಚುಕ್ಕೆ: ನೀರಿನಲ್ಲಿ ತೇಲುವ ಕಣಗಳಿಗೆ ಸ್ಟ್ರೋಬ್ ನೇರವಾಗಿ ಬಡಿದಿತ್ತು. ಸ್ಟ್ರೋಬ್ ಕೂರಿಸಿದ ಎರಡೂ ತೋಳುಗಳನ್ನು ಅಗಲಿಸಿ, ಸ್ಟ್ರೋಬ್‌ಗಳನ್ನು ಲೆನ್ಸ್‌ಗಿಂತ ತುಸು ಹಿಂದಕ್ಕೆ ಸರಿಸಿ, ಅವುಗಳ ಮುಖವನ್ನು ಸ್ವಲ್ಪ ಹೊರಕ್ಕೆ ತಿರುಗಿಸಿದೆ. ಬೆಳಕಿನ ಅಂಚು ಮಾತ್ರ ಈಲ್‌ಗೆ ತಾಗಬೇಕು. ಆಮೇಲೆ ಮೆಲ್ಲನೆ ಹತ್ತಿರವಾದೆ. ಒಂದು ಮೀಟರ್ ದೂರದಲ್ಲಿದ್ದರೆ ಸ್ಟ್ರೋಬ್‌ನ ಬೆಳಕು ಹೋಗಿ ಬರುವಷ್ಟರಲ್ಲಿ ಎರಡು ಮೀಟರ್ ನೀರು ದಾಟುತ್ತದೆ, ಅಷ್ಟು ಕೆಂಪು ಮತ್ತೆ ನಷ್ಟ. ಅರ್ಧ ಮೀಟರ್‌ಗೆ ಬಂದ ಮೇಲೆಯೇ ಕ್ಲಿಕ್ ಮಾಡಿದೆ.

ಇದಕ್ಕೆಲ್ಲ ನೀರಿನಲ್ಲಿ ಅಲುಗದೆ ತೇಲಿ ನಿಲ್ಲುವುದು ಬರಬೇಕು. ಅದು ಬಾರದವರು ಕ್ಯಾಮೆರಾ ಒಯ್ಯುವುದು ಬೇಡ ಎಂದೇ ನನ್ನ ಅಭಿಪ್ರಾಯ. ಕಾಲಿಗೆ ತೊಟ್ಟ ಈಜುರೆಕ್ಕೆ, ಅಂದರೆ ಫಿನ್, ಒಂದು ಸಲ ತಾಗಿದರೆ ವರ್ಷಗಟ್ಟಲೆ ಬೆಳೆದ ಹವಳ ಮುರಿಯುತ್ತದೆ.

ಸ್ಟ್ರೋಬ್ ಇಲ್ಲದವರಿಗೂ ದಾರಿಯಿದೆ. ಬಿಳಿ ಸ್ಲೇಟ್ ಒಯ್ದು, ಆ ಆಳದಲ್ಲೇ ಅದಕ್ಕೆ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣದ ಲೆಕ್ಕ) ಹೊಂದಿಸಬೇಕು. ನಾಲ್ಕೈದು ಮೀಟರ್ ಮೇಲೆ ಕೆಳಗೆ ಹೋದಾಗಲೆಲ್ಲ ಮತ್ತೆ. ಹತ್ತು ಮೀಟರ್‌ವರೆಗೆ ಇದು ಚೆನ್ನಾಗಿಯೇ ನಡೆಯುತ್ತದೆ.

ಆ ದಿನ ದೋಣಿಗೆ ಹತ್ತಿ ಪರದೆ ನೋಡಿದೆ. ಈಲ್‌ನ ಪಕ್ಕದಲ್ಲಿ, ಕಣ್ಣಿಗೆ ಬರೀ ಕಪ್ಪು ಕಲೆಯಂತೆ ಕಂಡಿದ್ದ ಸ್ಪಂಜು ಚಿತ್ರದಲ್ಲಿ ಕುಂಕುಮದಷ್ಟು ಕೆಂಪಗಿತ್ತು.