ದುಬಾರಿ ಫ್ರಿಡ್ಜ್ ತಂಪಾಗುತ್ತಿಲ್ಲವೇ? ಗ್ಯಾಸ್ ತುಂಬಿಸುವ ಮೊದಲು ಇಷ್ಟು ನೋಡಿ

ಕಾರವಾರದಲ್ಲಿ ಫ್ರಿಡ್ಜ್ ಕೆಡುವುದಕ್ಕೂ ಒಂದು ಸೀಸನ್ ಇದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಹಾಗಾಗಿ ಮೇ ಕೊನೆಗೆ ಫ್ರೀಜರ್ ತುಂಬಾ ಬಂಗಡೆ, ಇಸೋಣ. ಅದೇ ಹೊತ್ತಿಗೆ ಸಿಡಿಲು, ಹೋಗಿ ಬಂದು ಮಾಡುವ ಕರೆಂಟ್. ಲಕ್ಷ ರೂಪಾಯಿಯ ಸೈಡ್ ಬೈ ಸೈಡ್ ಫ್ರಿಡ್ಜ್ ಆಗ ಕೈಕೊಟ್ಟರೆ, ಬಾಗಿಲು ತೆಗೆದು ನೋಡುವ ಮೊದಲೇ ‘ಗ್ಯಾಸ್ ಹೋಗಿದೆ’ ಅನ್ನುವವರು ಬೇಕಾದಷ್ಟು ಜನ ಸಿಗುತ್ತಾರೆ. ಆದರೆ ಫ್ರಿಡ್ಜಿನ ಗ್ಯಾಸ್ ಬೈಕಿನ ಪೆಟ್ರೋಲ್ ಹಾಗೆ ಓಡಿದಂತೆ ಖರ್ಚಾಗುವುದಲ್ಲ. ಮುಚ್ಚಿದ ಪೈಪಿನೊಳಗೆ ಅದೇ ಗ್ಯಾಸ್ ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಹೋಗಿದೆ ಅಂದರೆ ಎಲ್ಲೋ ತೂತಾಗಿದೆ ಅಂತಲೇ ಅರ್ಥ.

ಮೊದಲು ಮೀನು ಉಳಿಸಿಕೊಳ್ಳಿ. ಬಾಗಿಲು ತೆಗೆಯದೆ ಇಟ್ಟರೆ ತುಂಬಿದ ಫ್ರೀಜರ್ ಸುಮಾರು 48 ಗಂಟೆ ತಡೆಯುತ್ತದೆ, ಫ್ರಿಡ್ಜ್ ಭಾಗ 4 ಗಂಟೆ ಅಷ್ಟೇ. ರಿಪೇರಿಗೆ ಹೇಗೂ ಬಾಗಿಲು ತೆಗೆಯಲೇಬೇಕಲ್ವಾ, ಆದ್ದರಿಂದ ಥರ್ಮಾಕೋಲ್ ಡಬ್ಬ ಮತ್ತು ಐಸ್ ತಂದಿಟ್ಟುಕೊಂಡೇ ಶುರು ಮಾಡಿ.

ಈಗ ಸುಲಭದ್ದು. ಅದೇ ಪ್ಲಗ್ಗಿಗೆ ಬೇರೆ ಏನಾದರೂ ಹಾಕಿ ನೋಡಿ. ಸ್ಟೆಬಿಲೈಜರ್ ಇದ್ದರೆ ಅದು ಕಟ್ ಮಾಡಿ ಕೂತಿದೆಯೇ ನೋಡಿ. ಕರೆಂಟ್ ಬಂದ ತಕ್ಷಣ ಕಂಪ್ರೆಸರ್ ಶುರುವಾಗುವುದಿಲ್ಲ, ಕೆಲವು ನಿಮಿಷ ಕಾಯುತ್ತದೆ. ಹೊಸ ಫ್ರಿಡ್ಜ್ ಆದರೆ ಡೆಮೋ ಮೋಡ್ ನೋಡಿ: ಅಂಗಡಿಯಲ್ಲಿ ತೋರಿಸಲು ಇಟ್ಟ ಸೆಟ್ಟಿಂಗ್ ಇದು, ದೀಪ, ಡಿಸ್‌ಪ್ಲೇ ಎಲ್ಲ ಉರಿಯುತ್ತದೆ, ತಂಪು ಮಾತ್ರ ಇಲ್ಲ. ಅದನ್ನು ತೆಗೆಯುವ ಬಟನ್ ಮ್ಯಾನುಯಲ್‌ನಲ್ಲಿ ಇರುತ್ತದೆ. ಬಾಗಿಲಿನ ರಬ್ಬರಿಗೆ ಒಂದು ನೋಟು ಸಿಕ್ಕಿಸಿ ಎಳೆಯಿರಿ. ಸಲೀಸಾಗಿ ಬಂದರೆ ಅಲ್ಲಿಂದ ಒಳಗೆ ಹಸಿ ಗಾಳಿ ನುಗ್ಗುತ್ತಿದೆ.

ಇನ್ನು ಮುಖ್ಯ ಪ್ರಶ್ನೆ: ಬೆಚ್ಚಗಾಗಿರುವುದು ಯಾವುದು? ಫ್ರಿಡ್ಜ್ ಭಾಗ ಮಾತ್ರವೋ, ಫ್ರೀಜರ್ ಕೂಡವೋ? ಸಾಮಾನ್ಯ ಫ್ರಾಸ್ಟ್ ಫ್ರೀ ಫ್ರಿಡ್ಜಿನಲ್ಲಿ ತಂಪು ಹುಟ್ಟುವುದು ಫ್ರೀಜರಿನ ಹಿಂದಿನ ಕಾಯಿಲ್‌ನಲ್ಲಿ, ಅಲ್ಲಿಂದ ಫ್ಯಾನ್ ಅದನ್ನು ಇನ್ನೊಂದು ಕಡೆ ತಳ್ಳುತ್ತದೆ. ಫ್ರೀಜರಿನಲ್ಲಿ ಮೀನು ಕಲ್ಲಾಗಿದ್ದು ಹಾಲು ಮಾತ್ರ ಒಡೆಯುತ್ತಿದ್ದರೆ ಗ್ಯಾಸಿನ ಮೇಲೆ ಗುಮಾನಿ ಬೇಡ, ಗಾಳಿಯ ದಾರಿ ನೋಡಿ. ಮೀನಿನ ಪೊಟ್ಟಣ ಒತ್ತೊತ್ತಾಗಿ ತುರುಕಿ ಕಿಂಡಿ ಮುಚ್ಚಿ ಹೋಗಿರುವುದು ನಮ್ಮ ಕಡೆ ಜಾಸ್ತಿ. ಅದಲ್ಲದಿದ್ದರೆ ಫ್ಯಾನ್, ಗಾಳಿ ಬಿಡುವ ಡ್ಯಾಂಪರ್, ಅಥವಾ ಹಿಂದೆ ಕಟ್ಟಿದ ಹಿಮ.

ಹಿಮ ನೋಡಬೇಕಾದರೆ ಪ್ಲಗ್ ಕಿತ್ತು ಫ್ರೀಜರಿನ ಒಳಗಡೆಯ ಹಿಂಬದಿ ಪ್ಯಾನೆಲ್ ಬಿಚ್ಚಿ. ಹಿಮ ಕಟ್ಟಿದ್ದರೆ ಪ್ಯಾನೆಲ್ ಅಂಟಿಕೊಂಡಿರುತ್ತದೆ, ಎಳೆದಾಡಬೇಡಿ, ಬಿಸಿನೀರಿನ ಪಾತ್ರೆ ಒಳಗಿಟ್ಟು ಸಡಿಲವಾಗಲು ಬಿಡಿ. ಅರ್ಧ ರೋಗ ಇಲ್ಲೇ ಗೊತ್ತಾಗುತ್ತದೆ. ಕಾಯಿಲ್ ಇಡೀ ದಪ್ಪ ಹಿಮದಲ್ಲಿ ಮುಚ್ಚಿಹೋಗಿದ್ದರೆ ಡಿಫ್ರಾಸ್ಟ್, ಅಂದರೆ ಆಗಾಗ ಹೀಟರ್ ಬಿಸಿ ಮಾಡಿ ಹಿಮ ಕರಗಿಸುವ ವ್ಯವಸ್ಥೆ, ಕೆಟ್ಟಿದೆ. ಕಾಯಿಲ್ ಶುರುವಾಗುವ ಕಡೆ ಮಾತ್ರ ಒಂದಿಷ್ಟು ಹಿಮ, ಉಳಿದದ್ದು ಬೋಳು ಇದ್ದರೆ ಆಗ ಗ್ಯಾಸ್ ಕಮ್ಮಿ ಅಂತ ಅನುಮಾನ ಪಡಬಹುದು. ಎಲ್ಲೂ ಹಿಮವೇ ಇಲ್ಲದಿದ್ದರೆ ಒಂದೋ ಕಂಪ್ರೆಸರ್ ಓಡುತ್ತಿಲ್ಲ, ಇಲ್ಲಾ ಗ್ಯಾಸ್ ಪೂರ್ತಿ ಖಾಲಿ. ಒಂದು ಫೋಟೋ ಹೊಡೆದಿಟ್ಟುಕೊಳ್ಳಿ, ಮೆಕ್ಯಾನಿಕ್ ಜೊತೆ ಮಾತಾಡುವಾಗ ಬೇಕಾಗುತ್ತದೆ.

ಚಾಕು, ಸ್ಕ್ರೂ ಡ್ರೈವರ್ ಹಿಡಿದು ಹಿಮ ಕೆರೆಯಲು ಹೋಗಬೇಡಿ. ಕಾಯಿಲ್ ತೂತಾದರೆ ಇಲ್ಲದ ಗ್ಯಾಸ್ ಸಮಸ್ಯೆ ನಿಜವಾಗಿಯೂ ಬರುತ್ತದೆ. ಬಾಗಿಲು ತೆರೆದಿಟ್ಟು, ಕೆಳಗೆ ಹಳೆ ಟವೆಲ್ ಹಾಸಿ, ಒಂದು ದಿನ ಕರಗಲು ಬಿಡಿ. ಆಮೇಲೆ ಚಾಲೂ ಮಾಡಿದಾಗ ಕೆಲವು ದಿನ ಚೆನ್ನಾಗಿ ನಡೆದು ಮತ್ತೆ ಅದೇ ರಾಗ ಶುರುವಾದರೆ ಡಿಫ್ರಾಸ್ಟ್ ಕೆಟ್ಟಿರುವುದು ಬಹುತೇಕ ಖಾತ್ರಿ. ಮಳೆಗಾಲದಲ್ಲಿ ಬಾಗಿಲು ತೆರೆದಾಗಲೆಲ್ಲ ಒಳಗೆ ಹೋಗುವ ತೇವ ಎಷ್ಟಿರುತ್ತದೆ ನೋಡಿ, ಹೀಟರ್ ಸತ್ತ ಫ್ರಿಡ್ಜ್ ಕರಾವಳಿಯಲ್ಲಿ ಬೇಗ ಸಿಕ್ಕಿಬೀಳುತ್ತದೆ.

ಡಿಫ್ರಾಸ್ಟ್ ಭಾಗಗಳನ್ನು ಮಲ್ಟಿಮೀಟರ್ ಇದ್ದರೆ ಮನೆಯಲ್ಲೇ ಪರೀಕ್ಷಿಸಬಹುದು. ಹೀಟರಿನ ವೈರ್ ಬಿಚ್ಚಿ ಓಮ್ ನೋಡಿ. 230 ವೋಲ್ಟಿನ 200 ವ್ಯಾಟ್ ಹೀಟರ್ ಆದರೆ ಸುಮಾರು 265 ಓಮ್ ಬರಬೇಕು. ಏನೂ ತೋರಿಸದಿದ್ದರೆ ಸುಟ್ಟಿದೆ. ಅತಿ ಬಿಸಿಯಾದರೆ ಕರೆಂಟ್ ಕಡಿಯುವ ಥರ್ಮಲ್ ಫ್ಯೂಸ್ ಸೊನ್ನೆಯ ಹತ್ತಿರ ತೋರಿಸಬೇಕು, ಏನೂ ತೋರಿಸದಿದ್ದರೆ ಅದೂ ಸುಟ್ಟಿದೆ. ದುಂಡಗಿನ ಡಿಫ್ರಾಸ್ಟ್ ಥರ್ಮೋಸ್ಟಾಟ್ ಇದ್ದರೆ ಅದನ್ನು ಬೆಚ್ಚಗಿರುವಾಗ ನೋಡಿ ‘ಕೆಟ್ಟಿದೆ’ ಅನ್ನಬೇಡಿ; ಅದು ಚೆನ್ನಾಗಿ ತಣ್ಣಗಾದಾಗ ಮಾತ್ರ ಕನೆಕ್ಟ್ ಆಗುವುದು. ಹೊಸ ಮಾಡೆಲ್‌ಗಳಲ್ಲಿ ಬರುವ ಸೆನ್ಸರನ್ನು ಐಸ್ ನೀರಿಗೆ ಮುಳುಗಿಸಿ, ತಣ್ಣಗಾದಂತೆ ಓಮ್ ಏರುತ್ತಾ ಹೋಗಬೇಕು. ಅಲ್ಲಾಡದೆ ನಿಂತರೆ ಬದಲಿಸಿ. ಇವೆಲ್ಲ ಫ್ರಿಡ್ಜ್ ನಡೆಸುವ ಎಲೆಕ್ಟ್ರಾನಿಕ್ ಬೋರ್ಡಿನ ಮುಂದೆ ಅಗ್ಗದ ಸಾಮಾನು.

ಎರಡೂ ಭಾಗ ಬೆಚ್ಚಗಿದ್ದರೆ ಫ್ರಿಡ್ಜ್ ಹಿಂದಕ್ಕೆ ಹೋಗಿ. ಕಂಪ್ರೆಸರ್ ಪಕ್ಕದ ಫ್ಯಾನ್ ತಿರುಗುತ್ತಿದೆಯೇ? ಧೂಳು, ಜಿರಳೆ, ಕೂದಲು ಸೇರಿ ಕಂಡೆನ್ಸರ್, ಅಂದರೆ ಬಿಸಿ ಹೊರಬಿಡುವ ಪೈಪ್, ಕಟ್ಟಿಕೊಂಡಿದ್ದರೆ ಪ್ಲಗ್ ತೆಗೆದು ಬ್ರಶ್ ಹೊಡೆಯಿರಿ. ಕೆಲವು ಮಾಡೆಲ್‌ಗಳಲ್ಲಿ ಆ ಪೈಪ್ ಅಕ್ಕಪಕ್ಕದ ಗೋಡೆಯೊಳಗೇ ಇರುತ್ತದೆ, ಅಲ್ಲಿ ಕೈಗೆ ಬಿಸಿ ತಾಗುವುದು ರೋಗವಲ್ಲ. ಆದರೆ ಎಷ್ಟು ಹೊತ್ತಾದರೂ ಬೆಚ್ಚಗೇ ಆಗದಿದ್ದರೆ ಒಂದೋ ಕಂಪ್ರೆಸರ್ ಕೆಲಸ ಮಾಡುತ್ತಿಲ್ಲ, ಇಲ್ಲಾ ಗ್ಯಾಸ್ ಖಾಲಿ.

ಇನ್ವರ್ಟರ್ ಕಂಪ್ರೆಸರ್, ಅಂದರೆ ಬೇಕಾದಂತೆ ವೇಗ ಬದಲಿಸಿಕೊಳ್ಳುವಂಥದ್ದು ಆದರೆ ಹಳೆಯ ಪಾಠ ಮರೆತುಬಿಡಿ. ಅದಕ್ಕೆ ನೇರ 230 ವೋಲ್ಟ್ ಕೊಟ್ಟು ‘ಟೆಸ್ಟ್’ ಮಾಡಿದರೆ ಅಲ್ಲಿಗೆ ಮುಗಿಯಿತು. ಮೂರು ಪಿನ್ ಇರುತ್ತದೆ, ಯಾವ ಎರಡರ ನಡುವೆ ನೋಡಿದರೂ ಓಮ್ ಹೆಚ್ಚುಕಮ್ಮಿ ಒಂದೇ ಬರಬೇಕು. ಬಂದರೆ, ಪಿನ್ನಿನಿಂದ ಕಂಪ್ರೆಸರಿನ ಲೋಹದ ಮೈಗೆ ಶಾರ್ಟ್ ಇಲ್ಲದಿದ್ದರೆ, ಅನುಮಾನ ಬೋರ್ಡಿನ ಮೇಲೆ. ಬೋರ್ಡಿಗೆ ಕೈ ಹಾಕುವ ಮೊದಲು ಪ್ಲಗ್ ತೆಗೆದು ಹತ್ತು ನಿಮಿಷ ಕಾಯಿರಿ, ಅದರ ದೊಡ್ಡ ಕೆಪಾಸಿಟರಿನಲ್ಲಿ 320 ವೋಲ್ಟಿನಷ್ಟು ನಿಂತಿರುತ್ತದೆ, ಕೊಂಚವೂ ತಮಾಷೆಯಲ್ಲ. ನಿಂತಿಲ್ಲ ಅಂತ ಮೀಟರಿನಲ್ಲಿ ಖಾತ್ರಿ ಮಾಡಿಕೊಂಡು ಆಮೇಲೆ ನೋಡಿ. ಸಿಡಿಲಿನ ನಂತರ ಕೆಟ್ಟದ್ದಾದರೆ ಫ್ಯೂಸ್ ಮತ್ತು ಅದರ ಪಕ್ಕದ, ಹೆಚ್ಚಿನ ವೋಲ್ಟೇಜ್ ತಡೆಯುವ ಬಿಲ್ಲೆಯಂಥ ವೇರಿಸ್ಟರ್ ಮೊದಲು ನೋಡಿ, ಎಷ್ಟೋ ಸಲ ಅದೊಂದೇ ಒಡೆದಿರುತ್ತದೆ. ಸಮುದ್ರದ ಹತ್ತಿರದ ಮನೆಗಳಲ್ಲಿ ಕನೆಕ್ಟರುಗಳ ಮೇಲೆ ಹಸಿರು ಕಿಲುಬು ಹಿಡಿದಿರುವುದೂ ಉಂಟು. ಶಿರಸಿಯವರಿಗೆ ತೇವ ಇದೆ, ಉಪ್ಪಿನ ಕಾಟ ಇಲ್ಲ, ಪುಣ್ಯವಂತರು.

ಗ್ಯಾಸೇ ಹೋಗಿದೆ ಅಂತ ಖಚಿತವಾದರೆ ನೀವು ಕೈ ಕಟ್ಟಿ ಕೂತು ಮೆಕ್ಯಾನಿಕ್ ಕರೆಸಿ. ಹೊಸ ಫ್ರಿಡ್ಜುಗಳಲ್ಲಿ ಸಾಮಾನ್ಯವಾಗಿ ಬರುವ ಆರ್600ಎ ಅಂದರೆ ಐಸೋಬ್ಯೂಟೇನ್, ಬೆಂಕಿ ಹತ್ತುವ ಗ್ಯಾಸ್. ಲೇಬಲ್‌ನಲ್ಲಿ ಎಷ್ಟು ಗ್ರಾಂ ಅಂತ ಬರೆದಿರುತ್ತದೆ. ಬಂದವರು ಲೀಕ್ ಹುಡುಕುತ್ತಾರೆಯೇ, ಪೈಪಿನೊಳಗಿನ ತೇವ ಹೀರುವ ಫಿಲ್ಟರ್ ಬದಲಿಸುತ್ತಾರೆಯೇ, ಪಂಪ್ ಹಾಕಿ ವ್ಯಾಕ್ಯೂಮ್ ಮಾಡುತ್ತಾರೆಯೇ, ತೂಕ ಮಾಡಿ ತುಂಬುತ್ತಾರೆಯೇ ಅಂತ ಫೋನಿನಲ್ಲೇ ಕೇಳಿ. ಗೋವಾದಿಂದಲೋ ಹುಬ್ಬಳ್ಳಿಯಿಂದಲೋ ಬರುವವರಾದರೆ ತಕ್ಕಡಿ ತರಲು ಹೇಳಿ, ಸುಮ್ನೆ ಎರಡು ಸಲ ಓಡಾಟ ಯಾಕೆ. ನಮ್ಮ ಹಸಿ ಗಾಳಿಯಲ್ಲಿ ವ್ಯಾಕ್ಯೂಮ್ ಮಾಡದೆ ತುಂಬಿದರೆ ಪೈಪಿನೊಳಗೆ ಉಳಿದ ನೀರಿನಂಶ ಸಣ್ಣ ನಳಿಕೆಯಲ್ಲಿ ಹೆಪ್ಪುಗಟ್ಟಿ, ಫ್ರಿಡ್ಜ್ ಒಮ್ಮೆ ತಣ್ಣಗಾಗಿ ಒಮ್ಮೆ ನಿಲ್ಲುವ ಹೊಸ ತಲೆನೋವು ಶುರುವಾಗಬಹುದು.

ರಿಪೇರಿ ಆದ ಮೇಲೆ ಫ್ರಿಡ್ಜ್ ಭಾಗದಲ್ಲಿ ಒಂದು ಲೋಟ ನೀರಿನೊಳಗೆ, ಫ್ರೀಜರಿನಲ್ಲಿ ನೀರಿಲ್ಲದೆ ಹಾಗೇ ಥರ್ಮಾಮೀಟರ್ ಇಟ್ಟು ಇಡೀ ದಿನ ಬಿಡಿ. ಫ್ರಿಡ್ಜ್ ಭಾಗ 4 ಡಿಗ್ರಿಯ ಹತ್ತಿರ, ಫ್ರೀಜರ್ ಮೈನಸ್ 18ಕ್ಕೆ ಬಂದ ಮೇಲೆ ಮೆಕ್ಯಾನಿಕ್‌ಗೆ ಉಳಿದ ದುಡ್ಡು ಕೊಡಿ, ಮೀನನ್ನು ಸ್ವಲ್ಪ ಸ್ವಲ್ಪವಾಗಿ ಒಳಗಿಡಿ. ಪೂರ್ತಿ ಕರಗಿ ಮೆತ್ತಗಾದದ್ದನ್ನು ಮಾತ್ರ ವಾಪಸ್ ಇಡಬೇಡಿ. ಇನ್ನೂ ತಣ್ಣಗಿದ್ದರೆ ಇವತ್ತೇ ಸಾರು ಮಾಡಿ, ಬೆಚ್ಚಗಾಗಿದ್ದರೆ ಎಸೆಯಿರಿ.